ದೊರೆ ಕಾರ್ಖಾನೆಯ ಸೇವಂತಿಗೆ

ನಮ್ಮ ಮನೆಯ ಅಡಿಕೋಲು ಸುಳ್ಳು ಹೇಳುತ್ತದೆ ಎಂದು ನನಗೆ ಗೊತ್ತಾದದ್ದು ಐದನೇ ಕ್ಲಾಸಿನಲ್ಲಿ, ಬೆಂಚಿನ ಮೇಲೆ ನಿಂತುಕೊಂಡು. ಲೆಕ್ಕದ ಟೀಚರ್ ಆರು ಇಂಚಿನ ಗೆರೆ ಎಳೆದುಕೊಂಡು ಬನ್ನಿ ಎಂದಿದ್ದರು. ನಾನು ಅಪ್ಪನ ಮೇಜಿನ ಮೇಲಿದ್ದ ಹಳದಿ ಮರದ ಅಡಿಕೋಲನ್ನು ತೆಗೆದುಕೊಂಡು, ನಾಲಿಗೆ ಕಚ್ಚಿ, ಉಸಿರು ಬಿಗಿಹಿಡಿದು ಎಳೆದ ಗೆರೆ ಟೀಚರ್ ಸ್ಕೇಲಿನಲ್ಲಿ ಆರೂವರೆ ಇಂಚು ಬಂತು. ತಿದ್ದಿಕೊಂಡು ಬಾ ಎಂದರು. ಮಾರನೆಯ ದಿನ ಇನ್ನೂ ಶ್ರದ್ಧೆಯಿಂದ ಇನ್ನೊಂದು ಆರೂವರೆ ಇಂಚಿನ ಗೆರೆ ಎಳೆದುಕೊಂಡು ಹೋದೆ. ಬೆಂಚು ಹತ್ತಿದ್ದು ಆ ದಿನ.

ಆಮೇಲೆ ಯೋಚಿಸಿದರೆ ಮನೆಯಲ್ಲಿ ಎಷ್ಟೋ ವಿಷಯ ಅರ್ಥವಾಯಿತು. ಅಮ್ಮ ಕಿಟಕಿ ಅಳೆದುಕೊಂಡು ಹೋಗಿ ತಂದ ಪರದೆಗಳೆಲ್ಲ ನಾಲ್ಕು ಬೆರಳು ಗಿಡ್ಡ. ಅಮ್ಮ ಅದಕ್ಕೆ ಬಟ್ಟೆ ಅಂಗಡಿಯವರನ್ನು ವರ್ಷಗಟ್ಟಲೆ ದೂರಿದ್ದಳು. ನನ್ನ ಎತ್ತರ ಮನೆಯಲ್ಲಿ ಅಳೆದರೆ ನಾಲ್ಕು ಅಡಿ, ಶಾಲೆಯಲ್ಲಿ ಅಳೆದರೆ ನಾಲ್ಕು ಅಡಿ ನಾಲ್ಕು ಇಂಚು. ಮನೆಯಿಂದ ಶಾಲೆಗೆ ಹೋಗುವಷ್ಟರಲ್ಲಿ ನಾನು ಬೆಳೆಯುತ್ತಿದ್ದೆ.

ಅತ್ತುಕೊಂಡು ಬಂದವಳನ್ನು ಅಪ್ಪ ಮೇಜಿನ ಪಕ್ಕ ಕೂರಿಸಿಕೊಂಡು ಹೇಳಿದರು. "ಇದು ಮಣ್ಣಿನ ಕೋಲು ಪುಟ್ಟಿ. ಹಸಿ ಮಣ್ಣು ಒಣಗಿದಾಗ ಕುಗ್ಗತ್ತೆ, ಸುಟ್ಟಾಗ ಇನ್ನೂ ಕುಗ್ಗತ್ತೆ. ಹನ್ನೆರಡು ಇಂಚಿನ ಹೂ ಬೇಕು ಅಂದ್ರೆ ಹದಿಮೂರು ಇಂಚಿಗೆ ಅಚ್ಚು ಮಾಡ್ಬೇಕು. ಪ್ರತಿ ಗೆರೆಗೂ ಲೆಕ್ಕ ಹಾಕ್ತಾ ಕೂರೋಕಾಗತ್ತಾ? ಅದಕ್ಕೆ ಇಂಚನ್ನೇ ಹಿಗ್ಗಿಸಿಟ್ಟಿದ್ದಾರೆ."

"ಹಾಗಾದ್ರೆ ಇದು ತಪ್ಪಲ್ವಾ?"

"ಕಾರ್ಖಾನೇಲಿ ತಪ್ಪಲ್ಲ. ಸ್ಕೂಲಲ್ಲಿ ತಪ್ಪು."

ಅಪ್ಪನ ಹೆಸರು ಶೇಷಗಿರಿ. ಬನ್ನೇರುಘಟ್ಟ ರಸ್ತೆಯಲ್ಲಿ, ಗೊಟ್ಟಿಗೆರೆಗೆ ಸ್ವಲ್ಪ ಈಚೆ ಇದ್ದ ಒಂದು ಹಳೆಯ ಕಾರ್ಖಾನೆಯಲ್ಲಿ ಅವರು ನಕ್ಷೆ ಬರೆಯುವವರು. ಜಯನಗರದ ಮೂರನೇ ಬ್ಲಾಕಿನ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದರು. ಕಾರ್ಖಾನೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರೊಂದಿತ್ತು. ಊರಿನವರು ದೊರೆ ಕಾರ್ಖಾನೆ ಎನ್ನುತ್ತಿದ್ದರು. ಹೆಂಚಿನ ಕಾರ್ಖಾನೆ ಎಂದರೆ ಮಾತ್ರ ಅಪ್ಪನಿಗೆ ಬೇಸರ. ಅಲ್ಲಿ ತಯಾರಾಗುತ್ತಿದ್ದದ್ದು ಬರೀ ಹೆಂಚಲ್ಲ, ಕಟ್ಟಡಗಳ ಒಡವೆ: ಮಾಡಿನ ನೆತ್ತಿಗೆ ಇಡುವ ಮೊಗ್ಗು, ಕಂಬದ ತಲೆಗೆ ಎಲೆ, ಗೋಡೆಗೆ ಕೂರಿಸುವ ಹೂವಿನ ಬಿಲ್ಲೆ. ಎಲ್ಲವೂ ಸುಟ್ಟ ಮಣ್ಣು, ಎಲ್ಲವೂ ಕೆಂಪು.

ಅದರ ಚರಿತ್ರೆ ನನಗೆ ಗೊತ್ತಿರುವುದು ಅಪ್ಪ ಊಟಕ್ಕೆ ಕೂತಾಗ ಹೇಳಿದಷ್ಟು. ತಾರೀಖು ಕೇಳಬೇಡಿ. ನಾನು ಮೂವತ್ತು ವರ್ಷ ಪಾಠ ಮಾಡಿದ್ದು ಭೂಗೋಳ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬ್ರಿಟಿಷರ ದಂಡು ಇದ್ದ ಕಡೆ ಸಾಲು ಸಾಲು ಬಂಗಲೆ ಏಳುತ್ತಿದ್ದಾಗ, ಅವುಗಳ ಒಡವೆಯೆಲ್ಲ ಹಡಗಿನಲ್ಲಿ ಬಂದು ಅರ್ಧಕ್ಕರ್ಧ ಒಡೆದುಹೋಗುತ್ತಿತ್ತಂತೆ. ಇಲ್ಲೇ ಮಾಡಿದರಾಯಿತು ಎಂದು ಇಂಗ್ಲೆಂಡಿನ ಒಬ್ಬ ಯುವಕ ಮರದ ಪೆಟ್ಟಿಗೆ ತುಂಬ ಅಚ್ಚುಗಳನ್ನು ತಂದು, ಕೆರೆಯ ಪಕ್ಕ ಭೂಮಿ ಹಿಡಿದು, ಮಣ್ಣು ಸುಡುವ ಗೂಡು ಕಟ್ಟಿಸಿದ. ಮೊದಲ ಗೂಡು ತೆರೆದಾಗ ಒಂದೂ ಇಡಿಯಾಗಿ ಇರಲಿಲ್ಲ. ಎರಡನೆಯದರಲ್ಲೂ ಅದೇ ಕಥೆ. ಮೂರನೆಯ ಸಲ ಅವನು ಒಡಕಲು ಚೂರುಗಳ ಮುಂದೆ ತಲೆಗೆ ಕೈಹೊತ್ತು ಕೂತಿದ್ದಾಗ, ಮಣ್ಣು ಹೊರಲು ಬಂದಿದ್ದ ಒಬ್ಬ ಕುಂಬಾರಗಿತ್ತಿ ಒಂದು ಚೂರನ್ನು ಕಲ್ಲಿನ ಮೇಲಿಟ್ಟು ಕುಟ್ಟಿ ಪುಡಿ ಮಾಡಿ, ಹಸಿ ಮಣ್ಣಿಗೆ ಕಲಸಿ ತೋರಿಸಿದಳಂತೆ. ಒಮ್ಮೆ ಬೆಂದ ಮಣ್ಣು ಜೊತೆಗಿದ್ದರೆ ಹಸಿ ಮಣ್ಣು ಅಷ್ಟು ಸುಲಭವಾಗಿ ಸೀಳುವುದಿಲ್ಲ. ಅಪ್ಪ ಈ ಕಥೆಯನ್ನು ಹೇಳಿದಾಗಲೆಲ್ಲ ಕುಂಬಾರಗಿತ್ತಿಯ ಊರು ಬದಲಾಗುತ್ತಿತ್ತು. ಒಮ್ಮೆ ಗೊಟ್ಟಿಗೆರೆ, ಒಮ್ಮೆ ಹುಳಿಮಾವು. ದೊರೆ ತಲೆಗೆ ಕೈಹೊತ್ತು ಕೂತದ್ದು ಮಾತ್ರ ಬದಲಾಗುತ್ತಿರಲಿಲ್ಲ.

ದೊರೆಯ ಪುಸ್ತಕದಲ್ಲಿ ಇದ್ದದ್ದು ಇಂಗ್ಲೆಂಡಿನ ರೋಜಾ. ತಂದ ಅಚ್ಚುಗಳು ಸವೆದ ಮೇಲೆ ಹೊಸದು ಮಾಡಲು ಇಲ್ಲಿಯ ಶಿಲ್ಪಿಗೆ ಆ ಚಿತ್ರ ಕೊಟ್ಟರೆ, ಅವನು ಕಣ್ಣಾರೆ ಕಂಡ ಸೇವಂತಿಗೆಯನ್ನು ಮಾಡಿಟ್ಟ. ದೊರೆ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿ ಆಗಲಿ ಎಂದನಂತೆ. ಸಿಂಹದ ಮುಖವೂ ಹಾಗೆಯೇ ಆಯಿತು. ಸಿಂಹ ನೋಡದವರು ಮಾಡಿದ ಸಿಂಹ. ಬಸವನಗುಡಿಯ ಹಳೆಯ ಗೇಟೊಂದರ ಮೇಲೆ ಅಂಥ ಜೋಡಿ ಇತ್ತು. ಹಾಲು ತಡವಾಯಿತೆಂದು ಮುನಿಸಿಕೊಂಡ ಬೆಕ್ಕುಗಳಂತೆ ಅವು ರಸ್ತೆ ನೋಡುತ್ತಿದ್ದವು. ಅವುಗಳ ಮುಂದೆ ಹಾದುಹೋಗುವಾಗ ಅಪ್ಪ ಸೈಕಲ್ ನಿಧಾನ ಮಾಡುತ್ತಿದ್ದರು.

ನಾನು ಹುಟ್ಟುವ ಹೊತ್ತಿಗೆ ಕಾರ್ಖಾನೆಯ ಒಳ್ಳೆಯ ಕಾಲ ಕಳೆದಿತ್ತು. ದೊರೆಗಳು ಹೋಗಿ ಇಲ್ಲಿಯ ಒಬ್ಬ ಸಾಹುಕಾರರು ಅದನ್ನು ನಡೆಸುತ್ತಿದ್ದರು. ಹೊಸ ಮನೆಗಳಿಗೆಲ್ಲ ಸಿಮೆಂಟು ಬಂದಿತ್ತು, ಗೋಡೆಗೆ ಹೂವು ಯಾರಿಗೂ ಬೇಕಾಗಿರಲಿಲ್ಲ. ಹಳೆಯ ಕಟ್ಟಡದ ರಿಪೇರಿ ಅಪರೂಪಕ್ಕೆ ಬರುತ್ತಿತ್ತು, ಉಳಿದಂತೆ ಹೂಕುಂಡ. ಕಂಬದ ತಲೆಗೆ ಎಲೆ ಬರೆಯಲು ಕಲಿತ ಅಪ್ಪ ಕೊನೆಯ ವರ್ಷಗಳಲ್ಲಿ ಹೂಕುಂಡದ ಅಂಚನ್ನು ಒಮ್ಮೆ ದಪ್ಪ, ಒಮ್ಮೆ ತೆಳು ಬರೆಯುತ್ತಿದ್ದರು.

ಆಯುಧಪೂಜೆಯ ಹಿಂದಿನ ದಿನ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಅಪ್ಪನ ಕೋಣೆಗಿಂತ ನನಗೆ ಇಷ್ಟವಾಗಿದ್ದದ್ದು ಒತ್ತುವ ಶೆಡ್ಡು. ಅಲ್ಲಿ ಹತ್ತು ಹನ್ನೆರಡು ಹೆಂಗಸರು ಪ್ಲಾಸ್ಟರಿನ ಅಚ್ಚುಗಳಿಗೆ ಮಣ್ಣು ತುಂಬಿ ಬೆರಳಿನಿಂದ ಒತ್ತುತ್ತಿದ್ದರು. ಅವರಲ್ಲಿ ಪುಟ್ಟತಾಯಮ್ಮ ಎಂಬಾಕೆ ನನಗೆ ಪ್ರತಿ ವರ್ಷವೂ ಒಂದು ಉಂಡೆ ಮಣ್ಣು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಆಗ ಆಕೆಗೆ ಮೂವತ್ತು ದಾಟಿರಲಿಲ್ಲ. ಒತ್ತಿ ಒತ್ತಿ ಹೆಬ್ಬೆರಳು ಚಪ್ಪಟೆಯಾಗಿ ಹಿಂದಕ್ಕೆ ಬಾಗಿತ್ತು.

"ಮೂಲೆಗೆ ಮಣ್ಣು ತಾನಾಗೇ ಓಗಲ್ಲ ಕಣವ್ವ," ಎನ್ನುತ್ತಿದ್ದಳು, "ನಾವೇ ಓಗಿ ಬುಟ್ಟು ಬರಬೇಕು." ಎಸಳಿನ ತುದಿಗೆ ಮಣ್ಣನ್ನು ತಳ್ಳುವಾಗ ಅವಳ ತುಟಿಯೂ ಆ ಕಡೆಗೆ ವಾಲುತ್ತಿತ್ತು. ಅಪ್ಪನನ್ನು ಅವರೆಲ್ಲ ಗೀಟು ಸಾಮೇರು ಎಂದು ಕರೆಯುತ್ತಿದ್ದರು. ದಿನವಿಡೀ ಕೂತು ಗೀಟು ಎಳೆಯುವವರು.

ನಾನು ಪಿಯುಸಿಯಲ್ಲಿದ್ದಾಗ ಕಾರ್ಖಾನೆ ಮುಚ್ಚಿತು. ಸಾಹುಕಾರರು ಭೂಮಿ ಮಾರಿದರು. ಅಚ್ಚುಗಳು ಬೇರೆಯವರ ಕೈಗೆ ಸಿಕ್ಕಿ ಅವರು ಅದೇ ಮಾಲು ಮಾಡಬಾರದು, ಎಲ್ಲ ಒಡೆಸಿಬಿಡಿ ಎಂದು ಅಪ್ಪನಿಗೆ ಹೇಳಿದರಂತೆ. ಒಡೆಯಬೇಕಾದವರು ಒತ್ತುವ ಶೆಡ್ಡಿನ ಹೆಂಗಸರೇ. ಅಪ್ಪ ಪಟ್ಟಿ ಹಿಡಿದು ನಿಂತು ಒಂದೊಂದಕ್ಕೂ ಗೀಟು ಹಾಕಬೇಕಿತ್ತು.

ಆ ಸಂಜೆ ಅವರು ತಲೆ, ಹುಬ್ಬು, ಅಂಗಿಯ ಕಾಲರು ಎಲ್ಲ ಬೆಳ್ಳಗೆ ಮಾಡಿಕೊಂಡು ಬಂದರು. "ಇದೇನಿದು, ಹಿಟ್ಟಿನ ಗಿರಣಿಗೆ ಹೋಗಿದ್ರಾ?" ಎಂದು ಅಮ್ಮ ನಗುತ್ತಲೇ ಕೇಳಿದಳು. ಅವರು ಚಪ್ಪಲಿಯನ್ನೂ ಬಿಡದೆ ಜಗುಲಿಯ ಮೇಲೆ ಕೂತುಬಿಟ್ಟರು. ಕಾಫಿ ಆರಿತು. ಅಮ್ಮ ಅದನ್ನು ಮತ್ತೆ ಬಿಸಿ ಮಾಡಿದಳು, ಮತ್ತೆ ಆರಿತು. ಆಮೇಲೆ ಅವರು ಹೇಳಿದ್ದು ಇಷ್ಟೆ. "ಅವರ ಕೈಯಲ್ಲೇ ಒಡೆಸಿದೆ ಕಣೇ."

ಅದಾದ ಎರಡು ಮೂರು ವರ್ಷಕ್ಕೆ ನಾನೂ ಅಪ್ಪನೂ ಮಡಿವಾಳದ ಮಾರ್ಕೆಟ್ಟಿಗೆ ಹೋಗಿದ್ದೆವು. ಸೊಪ್ಪಿನವರ ಸಾಲಿನಲ್ಲಿ ಪುಟ್ಟತಾಯಮ್ಮ ದಂಟಿನ ಸೊಪ್ಪು ಹರಡಿಕೊಂಡು ಕೂತಿದ್ದಳು. ನಾನು ಕೈ ಎತ್ತುವಷ್ಟರಲ್ಲಿ ಅಪ್ಪ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ತಿರುಗಿಸಿ ಎದುರಿಗಿದ್ದ ಅಂಗಡಿಗೆ ನುಗ್ಗಿದರು. ಅದು ಕೊಡೆ ರಿಪೇರಿ ಅಂಗಡಿ. ಏಪ್ರಿಲ್ ತಿಂಗಳ ಬಿಸಿಲು, ನಮ್ಮ ಹತ್ತಿರ ಕೊಡೆ ಇಲ್ಲ. ಅಂಗಡಿಯವರು ಏನು ಸಾರ್ ಎಂದರೆ ಅಪ್ಪ ಗೋಡೆಗೆ ತೂಗುಹಾಕಿದ್ದ ಕಡ್ಡಿಗಳನ್ನು ನೋಡುತ್ತ, "ಸುಮ್ನೆ, ಕೆಲಸ ಹೇಗಿದೆ ಅಂತ," ಎಂದರು. ನನಗೆ ನಗು ಬಂತು. ಅವರು ಬೀದಿಗೆ ಬೆನ್ನು ತಿರುಗಿಸಿಯೇ ನಿಂತಿದ್ದಾರೆಂದು ಗೊತ್ತಾದ ಮೇಲೆ ನಗು ನಿಂತಿತು.

ಅಪ್ಪ ಹೋಗಿ ಈಗ ಇಪ್ಪತ್ತೈದು ವರ್ಷದ ಮೇಲಾಯಿತು. ಕಾರ್ಖಾನೆಯ ಜಾಗದಲ್ಲಿ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು ನಿಂತಿದೆ. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗಲೆಲ್ಲ ನಾನು ಇನ್ನೊಂದು ಬದಿಯ ಕಿಟಕಿಯಿಂದ ನೋಡುತ್ತಿದ್ದೆ. ಕೊಡೆ ಅಂಗಡಿಗೆ ನುಗ್ಗುವ ಗುಣ ಅಪ್ಪನಿಂದ ನನಗೂ ಬಂದಿದೆ.

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ಹೆಲ್ಮೆಟ್ ಹಿಡಿದುಕೊಂಡ ಹುಡುಗಿಯೊಬ್ಬಳು ನಿಂತಿದ್ದಳು. "ಶೇಷಗಿರಿಯವರ ಮನಿ ಇದಾ ಏನ್ರಿ ಮೇಡಂ?" ಎಂದಳು. ಅಪ್ಪನ ಹೆಸರನ್ನು ಹೊರಗಿನವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಒಳಗೆ ಕರೆದೆ. ಹೆಸರು ಭಾಗ್ಯಶ್ರೀ, ಗದಗಿನವಳು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗೆ ಇದ್ದಾಳೆ. ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡುವುದು ಅವಳ ಕೆಲಸ. ಬಸವನಗುಡಿ ಕಡೆಯ ಹಳೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ, ಮಾಡಿನ ಕೆಳಗೆ ಸಾಲಾಗಿದ್ದ ಹೂವಿನ ಬಿಲ್ಲೆಗಳಲ್ಲಿ ಒಂದು ದಸರಾ ರಜೆಯಲ್ಲಿ ಕಳಚಿ ಬಿದ್ದು ಚೂರಾಗಿತ್ತು. ಶಾಲೆಯ ಹಳೆಯ ಫೈಲಿನಲ್ಲಿ ಹಿಂದೊಮ್ಮೆ ಆದ ರಿಪೇರಿಯ ಕಾಗದ ಸಿಕ್ಕಿ, ಅದರ ಕೆಳಗೆ ಅಪ್ಪನ ಸಹಿ, ನಮ್ಮ ವಿಳಾಸ ಇತ್ತಂತೆ.

"ಸಿಮೆಂಟಿನಾಗ ಒಂದು ಮಾಡಿ ಕೆಂಪು ಬಣ್ಣ ಹಚ್ಚೂಣು ಅಂತಾರ್ರಿ ಎಲ್ಲಾರೂ," ಎಂದಳು. "ನನಗ ಮನಸ್ಸು ಒಪ್ಪವಲ್ದು. ನಿಮ್ಮಪ್ಪಾರು ಬರದ ಚಿತ್ರ ಏನಾರ ಉಳದಾವೇನ್ರಿ?"

ಉಳಿದಿದ್ದವು, ಆದರೆ ಎಲ್ಲಿ ಎಂದು ಹೇಳಲು ನಾಚಿಕೆಯಾಯಿತು. ಕಾರ್ಖಾನೆ ಮುಚ್ಚಿದಾಗ ಅಪ್ಪ ಮನೆಗೆ ತಂದಿದ್ದ ಅವುಗಳನ್ನು ಅಮ್ಮ ಕತ್ತರಿಸದೆ ಮಡಚಿ ಅಡಿಗೆಮನೆಯ ಕಪಾಟಿಗೆ ಹಾಸಿದ್ದಳು. ಅಮ್ಮ ಹೋದ ಮೇಲೆ ನಾನು ಅದರ ಮೇಲೆ ನ್ಯೂಸ್‌ಪೇಪರ್ ಬದಲಾಯಿಸುತ್ತ ಬಂದಿದ್ದೆನೇ ಹೊರತು ಕೆಳಗಿನದನ್ನು ತೆಗೆದಿರಲಿಲ್ಲ. ಭಾಗ್ಯಶ್ರೀ ಕುರ್ಚಿ ಹತ್ತಿ ಡಬ್ಬಗಳನ್ನು ಒಂದೊಂದಾಗಿ ಇಳಿಸಿದಳು. ಮೂರನೆಯ ಹಲಗೆಯಲ್ಲಿ, ತೊಗರಿಬೇಳೆ ಡಬ್ಬದ ತುಕ್ಕಿನ ವೃತ್ತದ ನಡುವೆ, ಸೇವಂತಿಗೆ ಸಿಕ್ಕಿತು. ಅಪ್ಪನ ತೆಳು ಪೆನ್ಸಿಲಿನ ಗೆರೆ, ಎಸಳೆಸಳಿಗೂ ಅಳತೆ.

ಅವಳು ಟೇಪು ಹಿಡಿದಳು. ಮುಖ ಸಣ್ಣದಾಯಿತು. "ಅಳತಿ ಕೂಡವಲ್ದು ನೋಡ್ರಿ. ಗ್ವಾಡಿಯೊಳಗ ಜಾಗಾ ಇರೂದು ಒಂದ ಅಡಿ. ಇದರಾಗ ಹೂವು ಹದಿಮೂರು ಇಂಚು ಐತಿ. ನಿಮ್ಮಪ್ಪಾರು ತಪ್ಪಿ ಬರದಾರೇನ್ರಿ?"

ನಾನು ಕೋಣೆಗೆ ಹೋಗಿ ಅಪ್ಪನ ಅಡಿಕೋಲು ತಂದು ಚಿತ್ರದ ಮೇಲಿಟ್ಟೆ. ಸರಿಯಾಗಿ ಹನ್ನೆರಡು. ಬೆಂಚಿನ ಮೇಲೆ ನಿಂತಿದ್ದ ಐದನೇ ಕ್ಲಾಸಿನ ಹುಡುಗಿಗೆ ಐವತ್ತು ವರ್ಷದ ಮೇಲೆ ನ್ಯಾಯ ಸಿಕ್ಕಿತು. ಮಣ್ಣು ಕುಗ್ಗುವ ಸಂಗತಿಯನ್ನು ನಾನು ಅದೆಷ್ಟು ಹೆಮ್ಮೆಯಿಂದ ವಿವರಿಸಿದೆನೆಂದರೆ, ಆ ವಿದ್ಯೆಯನ್ನು ನಾನೇ ಕಂಡುಹಿಡಿದಿರಬೇಕೆಂದು ಕೇಳಿದವರಿಗೆ ಅನ್ನಿಸುವಂತಿತ್ತು.

"ಅಚ್ಚು ಮಾಡಸ್ತೇನ್ರಿ, ನಮ್ಮ ಕಡೆ ಶಿಲ್ಪಿ ಅದಾರು," ಎಂದಳು ಭಾಗ್ಯಶ್ರೀ. "ಆದ್ರ ಒತ್ತಾವರು ಯಾರ್ರಿ? ಕುಂಬಾರರನ್ನ ಕೇಳಿದೆ. ಗಡಿಗಿ ಮಾಡೂದು ಬ್ಯಾರೆ, ಇದು ಬ್ಯಾರೆ ಅಂದ್ರು. ಆ ಕಾರ್ಖಾನಿಯೊಳಗ ದುಡದಾವರು ಯಾರಾದ್ರೂ ಗೊತ್ತದಾರೇನು?"

ಗೊತ್ತಿಲ್ಲ ಎಂದುಬಿಟ್ಟೆ. ಅವಳು ಚಿತ್ರದ ಫೋಟೋ ತೆಗೆದುಕೊಂಡು ಹೋದಳು. ಎರಡು ದಿನ ಮನೆಯಲ್ಲಿ ಮಾಡುವ ಕೆಲಸವೆಲ್ಲ ಕೆಡುತ್ತಿತ್ತು. ಮೂರನೆಯ ದಿನ ಫೋನ್ ಮಾಡಿ, "ಒಬ್ಬರಿದ್ರು. ಇದ್ದಾರೋ ಇಲ್ವೋ ನೋಡ್ಬೇಕು," ಎಂದೆ.

ಗೊಟ್ಟಿಗೆರೆಯಲ್ಲಿ ಹುಡುಕುವುದು ಕಷ್ಟವಾಗಲಿಲ್ಲ. ದೊರೆ ಕಾರ್ಖಾನೆಯ ಪುಟ್ಟತಾಯಮ್ಮ ಎಂದ ಕೂಡಲೇ ಹಾಲಿನ ಬೂತಿನವರು ಒಂದು ಟೈಲರಿಂಗ್ ಅಂಗಡಿ ತೋರಿಸಿದರು. ಅಂಗಡಿ ಆಕೆಯ ಮಗಳು ಮಂಜುಳಾಳದ್ದು. ನಾವು ಬಂದ ಕಾರಣ ಕೇಳಿ ಅವಳು ಹೊಲಿಗೆ ಯಂತ್ರ ನಿಲ್ಲಿಸಿದಳು. "ಒಳಗವ್ರೆ. ಕಿವಿ ಒಸಿ ಮಂದ, ಗಟ್ಟಿಯಾಗಿ ಮಾತಾಡಿ," ಎಂದಳು.

ಪುಟ್ಟತಾಯಮ್ಮ ಹಿತ್ತಿಲಿನ ಬಿಸಿಲಿನಲ್ಲಿ ಕಾಲು ಚಾಚಿ, ಮಡಿಲಲ್ಲಿ ಮೊರ ಇಟ್ಟುಕೊಂಡು ನೆನೆಹಾಕಿದ ಅವರೆಕಾಳನ್ನು ಹಿತುಕುತ್ತಿದ್ದಳು. ಎಂಬತ್ತರ ಹತ್ತಿರ. ಮುಖ ನನಗೆ ಗುರುತೇ ಸಿಗಲಿಲ್ಲ. ಆ ಹಿಂದಕ್ಕೆ ಬಾಗಿದ ಹೆಬ್ಬೆರಳು ಕಾಳನ್ನು ಒತ್ತಿದ್ದು ನೋಡಿ ಗೊತ್ತಾಯಿತು.

ಆಟೋದಲ್ಲಿ ಕೂತು ನಾನು ಒಂದು ಮಾತು ಜೋಡಿಸಿಟ್ಟುಕೊಂಡಿದ್ದೆ. ಎದುರು ಕೂತಾಗ ಅದು ಎಲ್ಲಿ ಹೋಯಿತೋ. "ನಾನು ಶೇಷಗಿರಿಯವರ ಮಗಳು," ಎಂದಷ್ಟೇ ಜೋರಾಗಿ ಹೇಳಿದೆ.

ಆಕೆ ಕಣ್ಣು ಕಿರಿದು ಮಾಡಿ ನೋಡಿದಳು. "ಗೀಟು ಸಾಮೇರ ಮಗಳಾ? ಸೈಕಲ್ ಮೇಲೆ ಬತ್ತಿತ್ತಲ್ಲ, ಮೂಗು ಸುರಿಸ್ಕಂಡು, ಅದಾ?"

ಭಾಗ್ಯಶ್ರೀ ಆ ಕಡೆ ತಿರುಗಿ ನಕ್ಕಳು. ಅದೇ ಎಂದೆ.

"ಸಾಮೇರು ಅವ್ರಾ?"

"ಇಲ್ಲ. ಹೋಗಿ ಬಹಳ ವರ್ಷ ಆಯ್ತು."

ಆಕೆ ಹಿತುಕುವುದನ್ನು ನಿಲ್ಲಿಸಲಿಲ್ಲ. ನಾನೇ ಶುರುಮಾಡಿದೆ. "ಅವತ್ತು ಅಚ್ಚು ಒಡೆಸಿದ್ದಕ್ಕೆ ಅಪ್ಪ ತುಂಬಾ ನೊಂದ್ಕೊಂಡಿದ್ರು. ಕೊನೇವರೆಗೂ. ನಿಮಗೆಲ್ಲ ಅವರ ಮೇಲೆ ಕೋಪ ಇರಬಹುದು."

"ಇತ್ತು," ಎಂದಳು ಪುಟ್ಟತಾಯಮ್ಮ. "ಇರಲಿಲ್ಲ ಅಂದ್ರೆ ಸುಳ್ಳಾಯ್ತದೆ. ಒಡೆಸಿದ್ದಕ್ಕಲ್ಲ ಕಣಮ್ಮ. ಧಣಿ ಹೇಳ್ದ, ಅವರು ಮಾಡಿಸಿದ್ರು, ಅವರಾರ ಏನು ಮಾಡಾರು. ಸೇವಂತಿಗೆ ಅಚ್ಚು ಬಂದಾಗ ನಿಂತ್ಕಬುಟ್ರು. ಪುಟ್ಟತಾಯಿ, ನೀನು ಬ್ಯಾಡ, ಬೇರೇರು ಒಡೀಲಿ ಅಂದ್ರು. ನಾನು ಬುಡಲಿಲ್ಲ. ಹದಿನಾರು ವರ್ಸ ಒತ್ತಿದ್ದು ನಾನು, ಒಡದ್ರೆ ನಾನೇ ಒಡೀಬೇಕು ಅಂತ ನಾನೇ ಒಡದೆ. ಆಗಾರ ತಲೆ ಎತ್ತಿ ನನ್ನ ಮಕ ನೋಡ್ತಾರೇನೋ ಅನ್ಕಂಡೆ. ಪಟ್ಟಿ ನೋಡ್ಕಂಡು ಗೀಟು ಹಾಕಬುಟ್ರು."

ಆಕೆ ಇನ್ನೊಂದು ಕಾಳು ಹಿತುಕಿ ಮುಂದುವರಿಸಿದಳು.

"ಆಮೇಕೆ ಒಂದಿನ ಬತ್ತಾರೆ, ಮಾತಾಡಿಸ್ತಾರೆ ಅಂತಿದ್ದೆ. ಬರಲಿಲ್ಲ. ಮಡಿವಾಳದಾಗೆ ಒಂದು ದಪ ನೋಡಿದೆ. ನೀನೂ ಇದ್ದೆ. ಸಟಕ್ಕನೆ ಅಂಗಡಿಗೆ ನುಗ್ಗಬುಟ್ರು."

"ನೀವು ನೋಡಿದ್ರಾ?"

"ನೋಡದೆ ಏನು. ಕೊಡೆ ಅಂಗಡಿ." ಆಕೆಯ ತುಟಿ ಒಂದು ಕಡೆಗೆ ವಾಲಿತು. "ಆ ಬಿಸಿಲಾಗೆ ಕೊಡೆ ಅಂಗಡೀಲಿ ಎಸ್ಟೊತ್ತು ನಿಂತಿದ್ರು ಅಂತೀಯ. ಪಾಪ, ನನಗಿಂತ ಅವರಿಗೇ ನೋವು ಜಾಸ್ತಿ ಐತೆ ಅಂತ ಅವತ್ತು ಗೊತ್ತಾಯ್ತು. ನಾನೇ ಎದ್ದೋಗಿ ಮಾತಾಡಿಸಬೇಕಿತ್ತು. ಸೊಪ್ಪು ಬುಟ್ಟು ಏಳಕಾಗಲಿಲ್ಲ."

ನಲವತ್ತೈದು ವರ್ಷ ನಾನು ಬಸ್ಸಿನ ಇನ್ನೊಂದು ಬದಿಯ ಕಿಟಕಿ ನೋಡಿಕೊಂಡು ಹೋದದ್ದು ಈ ಮುಖಕ್ಕೆ ಹೆದರಿ. ಕಣ್ಣು ತುಂಬಿ ಬಂತು. ಆಕೆ ಮೊರವನ್ನು ನನ್ನ ಮಡಿಲಿಗೆ ಸರಿಸಿ, "ಇತುಕು, ಸುಮ್ಕೆ ಯಾಕೆ ಕೂತಿದ್ದೀಯ," ಎಂದಳು. ಹಿತುಕಿದೆ. ಮೊದಲ ಕಾಳು ಭಾಗ್ಯಶ್ರೀಯ ಕೆನ್ನೆಗೆ ಹಾರಿತು.

ಭಾಗ್ಯಶ್ರೀ ಬಂದ ಕೆಲಸ ಹೇಳಿದಳು. ಪುಟ್ಟತಾಯಮ್ಮ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ಬೇರೆ ಯಾರದೋ ಕೈ ಎಂಬಂತೆ ನೋಡಿಕೊಂಡಳು. "ಈಗ ಆಯ್ತದೋ ಇಲ್ಲವೋ," ಎಂದಳು. ಒಲ್ಲೆ ಎನ್ನಲಿಲ್ಲ.

ಸುಡುವಾಗ ಸೀಳಿದರೂ ಒಂದಾದರೂ ಉಳಿಯಲಿ ಎಂದು ಮೂರು ಅಚ್ಚು ಮಾಡಿಸಿದ್ದು, ತಯಾರಾಗಲು ಒಂದು ತಿಂಗಳು ಹಿಡಿಯಿತು. ಆಮೇಲೆ ಆಕೆಯನ್ನು ಕಾರಿನಲ್ಲಿ ಶಾಲೆಗೆ ಕರೆತಂದೆವು. ಗೇಟು ದಾಟಿ ನಾಲ್ಕು ಹೆಜ್ಜೆ ಇಟ್ಟವಳು ನಿಂತು ಮಾಡಿನ ಕೆಳಗಿನ ಸಾಲು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ, ಕುತ್ತಿಗೆ ನೋಯುತ್ತದೆಂದು ಮಂಜುಳಾ ಹಿಂದಿನಿಂದ ತಲೆಗೆ ಕೈ ಆನಿಸಿ ಹಿಡಿದಳು.

"ಆ ಕಡೆಯವು ಮೂರು ನನ್ನವು," ಎಂದಳು. "ಎಸಳು ಎಡಕ್ಕೆ ವಾಲ್ಕಂಡವೆ ನೋಡು. ಮಿಕ್ಕಿದ್ದು ನನಗಿಂತ ಮೊದ್ಲಿನವರದ್ದು." ಹಿಂದಿನ ರಿಪೇರಿಯಲ್ಲಿ ಮೂರು ಬಿಲ್ಲೆ ಬದಲಾಯಿಸಿದ್ದಾಗಿ ಫೈಲಿನಲ್ಲಿಯೂ ಇತ್ತು. ನೀವು ಇಲ್ಲಿಗೆ ಬಂದಿದ್ದಿರಾ ಎಂದು ಕೇಳಿದೆ. ಇಲ್ಲ ಎಂದಳು. ಒತ್ತಿದ್ದು ಲಾರಿ ಹತ್ತುವುದನ್ನು ನೋಡಿದ್ದಳು. ಎಲ್ಲಿ ಇಳಿಯಿತು, ಯಾವ ಗೋಡೆಗೆ ಹತ್ತಿತು ಎಂದು ಆಕೆಗೆ ಯಾರೂ ತೋರಿಸಿರಲಿಲ್ಲ.

ಸೈಕಲ್ ಸ್ಟ್ಯಾಂಡಿನ ಪಕ್ಕದ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಆಕೆ ಮೊದಲು ಒಂದು ಚಿಟಿಕೆ ಮಣ್ಣನ್ನು ಬಾಯಿಗೆ ಹಾಕಿ ಹಲ್ಲಿನ ನಡುವೆ ಅಗಿದಳು. ಉಳಿದಿರುವುದು ಕೆಲವೇ ಹಲ್ಲು, ಅವೇ ಸಾಕಾದವು. "ಪುಡಿ ಸಾಲ್ದು," ಎಂದಳು. ಮುರಿದು ಬಿದ್ದಿದ್ದ ಹಳೆಯ ಬಿಲ್ಲೆಯ ಚೂರುಗಳನ್ನೇ ಕುಟ್ಟಿ ಪುಡಿ ಮಾಡಿ ಸೇರಿಸಿದೆವು. ಆಮೇಲೆ ಆಕೆ ಒತ್ತಲು ಕೂತಳು. ಮೊದಲ ಬಿಲ್ಲೆ ಮುಗಿಯುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಎರಡನೆಯದಕ್ಕೆ ಕೈ ಸೋತು ನನ್ನನ್ನು ಕೂರಿಸಿದಳು.

"ಎದರಬ್ಯಾಡ. ಬೆಳ್ಳು ಮುರಿಯಲ್ಲ," ಎಂದಳು. ನಾನು ಒತ್ತಿದೆ. ಆಕೆ ನೋಡಿ ಏನೂ ಅನ್ನಲಿಲ್ಲ. ಏನೂ ಅನ್ನದಿರುವುದು ಎಷ್ಟು ಕೆಟ್ಟದ್ದೆಂದು ಟೀಚರ್ ಆಗಿದ್ದ ನನಗೆ ಚೆನ್ನಾಗಿ ಗೊತ್ತು. ಮೂರನೆಯದನ್ನು ಮಾರನೆಯ ದಿನ ಬಂದು ಆಕೆಯೇ ಒತ್ತಿದಳು. ಮೂರರಲ್ಲಿ ಅದೇ ಚೆಂದ.

ಎರಡು ದಿನ ಆರಿ ಅಚ್ಚಿನಿಂದ ಬಿಡಿಸಿದ ಮೇಲೆ, ಮಣ್ಣು ಇನ್ನೂ ಮೆತ್ತಗಿರುವಾಗಲೇ ಹಿಂಬದಿಗೆ ಏನಾದರೂ ಬರೆಯಬೇಕು ಎಂದಳು ಭಾಗ್ಯಶ್ರೀ. ಕಾರ್ಖಾನೆಯ ಕಾಲದಲ್ಲಿ ಅಲ್ಲಿ ಹಿತ್ತಾಳೆಯ ಮುದ್ರೆಯಿಂದ ದೊರೆಯ ಹೆಸರು ಒತ್ತುತ್ತಿದ್ದರು, ಇಂಗ್ಲಿಷಿನಲ್ಲಿ. ನಾನು ಆ ಚೆಂದದ ಬಿಲ್ಲೆಯನ್ನು ತಿರುಗಿಸಿ ಮಡಿಲಿಗೆ ತೆಗೆದುಕೊಂಡು, ಹೇರ್‌ಪಿನ್ನಿನ ತುದಿಯಿಂದ ಅಪ್ಪನ ಹೆಸರು ಬರೆಯತೊಡಗಿದೆ. ಇದಕ್ಕಿಂತ ಸರಿಯಾದದ್ದು ಬೇರೇನಿದೆ ಎಂದುಕೊಂಡೆ. 'ಶೇಷ' ಎನ್ನುವವರೆಗೆ ಬಂದಿದ್ದೆ.

"ಏನದು ಬರೀತಿದ್ದೀಯ?" ಎಂದಳು ಪುಟ್ಟತಾಯಮ್ಮ.

"ಅಪ್ಪನ ಹೆಸರು."

ಆಕೆ ಬಾಗಿ ಅಕ್ಷರಗಳನ್ನು ನೋಡಿದಳು. ಓದು ಬಾರದು. ಆಮೇಲೆ ತನ್ನ ಹೆಬ್ಬೆರಳನ್ನು ನೀರಿಗೆ ಅದ್ದಿ, ಅವಸರವಿಲ್ಲದೆ, ಎರಡೂ ಅಕ್ಷರಗಳನ್ನು ನುಣ್ಣಗೆ ಸವರಿ ಅಳಿಸಿದಳು.

"ಸಾಮೇರ ಎಸರು ಕಾಗದದಾಗೆ ಐತಲ್ಲವ್ವ," ಎಂದಳು. "ಇದರಾಗೆ ನಂದು ಬರಿ."

ಅಪ್ಪ ಮಾಡಿದ್ದನ್ನು ಸರಿಮಾಡಲು ಹೊರಟವಳು ನಾನು, ಆ ಬಿಲ್ಲೆಯನ್ನು ಒತ್ತಿದವಳನ್ನೇ ಮರೆತಿದ್ದೆ. ಪುಟ್ಟತಾಯಮ್ಮ ಎಂದು ಬರೆದೆ. ಒತ್ತಕ್ಷರ ಸ್ವಲ್ಪ ಕೆಳಗೆ ಜಾರಿತು. ಏನು ಬರೆದಿದೆ ಓದು ಎಂದಳು. ಓದಿದೆ. ಇನ್ನೊಂದು ಸಲ ಓದು ಎಂದಳು.

ಹಸಿ ಗೋಣಿ ಹೊದಿಸಿ ಮೂರು ವಾರ ಒಣಗಿಸಿ, ಊರ ಹೊರಗಿನ ಗೂಡೊಂದರಲ್ಲಿ ಸುಡಿಸಿದೆವು. ಮೂರರಲ್ಲಿ ಎರಡು ಸೀಳಿದವು. ನಾನು ಒತ್ತಿದ್ದು ನಡುವೆ ಸರಿಯಾಗಿ ಎರಡು ಹೋಳಾಗಿತ್ತು. ಹೆಸರು ಬರೆದದ್ದು ಇಡಿಯಾಗಿ ಬಂತು, ಕೆಂಪಗೆ, ಬೆರಳಿನಿಂದ ತಟ್ಟಿದರೆ ಗಂಟೆಯ ದನಿ.

ಅದನ್ನು ಗೋಡೆಗೆ ಕೂರಿಸಿದ್ದು ಒಂದು ಶನಿವಾರ ಬೆಳಿಗ್ಗೆ. ಶಾಲೆ ಬೇಗ ಬಿಟ್ಟಿತ್ತು. ಆದರೂ ಹುಡುಗಿಯರು ಮನೆಗೆ ಹೋಗದೆ ಮರದ ಕೆಳಗೆ ಗುಂಪಾಗಿ ನಿಂತಿದ್ದರು. ಹೆಡ್‌ಮಿಸ್ ತಮ್ಮ ಕೋಣೆಯ ಕುರ್ಚಿ ತರಿಸಿ ಪುಟ್ಟತಾಯಮ್ಮನನ್ನು ಕೂರಿಸಿದರು. ಆಕೆ ಮಂಜುಳಾ ಹೊಲಿದುಕೊಟ್ಟ ಹೊಸ ರವಿಕೆ ಹಾಕಿ, ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅಟ್ಟಣಿಗೆಯ ಮೇಲಿದ್ದ ಗಾರೆ ಕೆಲಸದವರು ಗಾರೆ ಬಳಿದು, ಬಿಲ್ಲೆಯನ್ನು ಎತ್ತಿ, ಹಿಂಬದಿ ತಿರುಗಿಸಿ ಒರೆಸುತ್ತ ಅಲ್ಲಿದ್ದ ಹೆಸರನ್ನು ಓದಿ ಕೆಳಗೆ ಬಗ್ಗಿ ಕೇಳಿದರು.

"ಮೇಡಂ, ಪುಟ್ಟತಾಯಮ್ಮ ಅಂದ್ರೆ ಯಾರು?"

ನಾನು ಬಾಯಿ ತೆರೆಯುವ ಮೊದಲೇ ಆಕೆ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು.

"ನಾನೇ ಕಣಪ್ಪ," ಎಂದಳು.

ಅವರು ಮೇಲಿನಿಂದಲೇ ಒಂದು ಕ್ಷಣ ಆಕೆಯನ್ನು ನೋಡಿದರು. ಆಮೇಲೆ ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಯ ಜಾಗಕ್ಕೆ ಒಡ್ಡಿ, "ಹೇಗೆ ಕೂರಿಸ್ಲಿ ಅಜ್ಜಿ, ನೀವೇ ಹೇಳಿ," ಎಂದರು.

ಪುಟ್ಟತಾಯಮ್ಮ ಬಿಸಿಲಿಗೆ ಹಣೆಯ ಮೇಲೆ ಕೈ ಇಟ್ಟು, ಇನ್ನೊಂದು ಕೈಯನ್ನು ಗಾಳಿಯಲ್ಲಿ ಮೆಲ್ಲಗೆ ತಿರುಗಿಸುತ್ತ ಹೇಳತೊಡಗಿದಳು. "ಒಸಿ ಎಡಕ್ಕೆ. ಇನ್ನೂ ಒಸಿ. ಆ, ಈಗ ಒತ್ತು."